ಉಪ್ಪಿನೊಳಗಿನ ಅಯೋಡಿನ್



ಗಾಯಕ್ಕೆ ಹಚ್ಚುವ ಕಂದು ಬಣ್ಣದ ಟಿಂಚರ್ ನಿಮಗೆಲ್ಲ ಗೊತ್ತು. ಹಚ್ಚಿದೊಡನೆ ಚುರ್ರೆನ್ನುತ್ತದೆ. ಅದರಲ್ಲಿರುವ ಅಯೋಡಿನ್ ಎಂಬ ಮೂಲವಸ್ತು ನಮ್ಮ ಅಡಿಗೆಯ ಉಪ್ಪಿನಲ್ಲೂ ಇರಬೇಕು. ಯಾಕೆ ಬೇಕು, ಇದ್ದದ್ದನ್ನು ಹೇಗೆ ಕಾಯಬೇಕು, ದನಕರುಗಳಿಗೂ ಅದು ಬೇಕೇ ಎಂಬುದನ್ನು ಈ ಹೊತ್ತು ನೋಡೋಣ.

1811ರಲ್ಲಿ ಫ್ರಾನ್ಸ್ ದೇಶದ ಬರ್ನಾರ್ಡ್ ಕೂರ್ತ್ವಾ ಎಂಬುವರು ಕಡಲಪಾಚಿಯ ಬೂದಿಗೆ ಗಂಧಕಾಮ್ಲ ಹಾಕಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ತಣ್ಣಗಾದ ಮೇಲೆ ಅದೇ ಹೊಗೆ ಕಪ್ಪಗೆ ಹೊಳೆಯುವ ಹರಳಾಗಿ ಕೂತಿತು. ಅದೇ ಅಯೋಡಿನ್. ಗ್ರೀಕ್ ಭಾಷೆಯಲ್ಲಿ ನೇರಳೆ ಬಣ್ಣಕ್ಕಿರುವ ಮಾತಿನಿಂದ ಈ ಹೆಸರು ಬಂತು. ಈ ಹರಳು ನೀರಿನಲ್ಲಿ ಅಷ್ಟಾಗಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಆದರೆ ಮಣ್ಣಿನಲ್ಲಿರುವ ಇದರ ಲವಣಗಳು ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳುತ್ತವೆ. ಆದ್ದರಿಂದಲೇ ಮಳೆ ಹೆಚ್ಚಾಗಿ ಹೊಯ್ಯುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಕೊಂಡು ಹೋಗುತ್ತದೆ. ಮಣ್ಣಿನಲ್ಲಿಲ್ಲದ್ದು ಬೆಳೆಗೆ ಎಲ್ಲಿಂದ ಬಂದೀತು? ಬೆಳೆಯಲ್ಲಿಲ್ಲದ್ದು ಉಣ್ಣುವವರಿಗೂ ಇಲ್ಲ, ಮೇಯುವ ದನಕ್ಕೂ ಇಲ್ಲ.

ನಮ್ಮ ಗಂಟಲ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಮೈ ಬೆಳೆಯಲು, ಮಿದುಳು ಬಲಿಯಲು ಬೇಕಾದ ರಸವನ್ನು ಅದು ಅಯೋಡಿನ್‌ನಿಂದಲೇ ತಯಾರಿಸಬೇಕು. ಅಯೋಡಿನ್ ಸಾಲದೆ ಹೋದರೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಗಳಗಂಡ ಕಣ್ಣಿಗೆ ಕಾಣುವ ರೋಗ. ಕಾಣದ ನಷ್ಟ ಇನ್ನೂ ದೊಡ್ಡದು. ಬಸುರಿ ಹೆಂಗಸಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗು ಮಂದಬುದ್ಧಿಯದಾಗಬಹುದು, ಕಿವುಡಾಗಬಹುದು. ಆ ನಷ್ಟವನ್ನು ಆಮೇಲೆ ಯಾವ ಔಷಧಿಯೂ ಪೂರ್ತಿ ತುಂಬಲಾರದು.

ಹಾಗಾದರೆ ಎಷ್ಟು ಬೇಕು ಅಂತೀರಾ? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಎಪ್ಪತ್ತು ವರ್ಷ ಬಾಳಿದವರಿಗೆ ಒಟ್ಟು ಬೇಕಾದ್ದು ಸುಮಾರು 4 ಗ್ರಾಂ, ಒಂದು ಚಮಚವೂ ತುಂಬದು! ಆದರೆ ಒಮ್ಮೆಲೇ ತಿಂದು ಮುಗಿಸುವಂತಿಲ್ಲ, ದಿನದಿನವೂ ಸಿಗಬೇಕು. ದಿನವೂ ಎಲ್ಲರೂ ತಿನ್ನುವ ವಸ್ತು ಉಪ್ಪು. 1956ರಿಂದ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಇಂಥ ಉಪ್ಪು ಕೊಟ್ಟು ನೋಡಿದಾಗ ಗಳಗಂಡ ಇಳಿಯಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನಾವು ಉಣ್ಣುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕೆಂದು 2006ರಲ್ಲಿ ದೇಶಕ್ಕೆಲ್ಲ ಕಟ್ಟಳೆಯಾಯಿತು.

ಕಟ್ಟಳೆಯೇನೋ ಆಯಿತು, ಮಿಕ್ಕದ್ದು ನಮ್ಮ ಕೈಯಲ್ಲಿದೆ. ದನಕ್ಕೆಂದು ತಂದ ಸಾದಾ ಹರಳುಪ್ಪನ್ನು ಅಡಿಗೆಗೆ ಬಳಸಬೇಡಿ. ಉಪ್ಪನ್ನು ತೊಳೆಯಬೇಡಿ, ಅಯೋಡಿನ್ ನೀರಿನೊಡನೆ ಹೋಗುತ್ತದೆ. ಒಲೆಯ ಪಕ್ಕದಲ್ಲಿ ತೆರೆದಿಡದೆ ಮುಚ್ಚಳವಿರುವ ಭರಣಿಯಲ್ಲಿ, ತೇವ ತಾಗದಂತೆ ಇಡಿ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಒಳ್ಳೇದು. ಹಾಗಂತ ಉಪ್ಪನ್ನು ಹೆಚ್ಚಾಗಿ ತಿನ್ನಬೇಕಿಲ್ಲ.

ಇನ್ನು ಕೊಟ್ಟಿಗೆಯ ಮಾತು. ಗಬ್ಬದ ಹಸು, ಆಡುಗಳಿಗೆ ಅಯೋಡಿನ್ ಸಾಲದಿದ್ದರೆ ಕರು, ಮರಿ ಕುತ್ತಿಗೆ ಊದಿ, ಕೂದಲಿಲ್ಲದೆ ಹುಟ್ಟಬಹುದು. ಸತ್ತೇ ಹುಟ್ಟುವುದೂ ಉಂಟು. ಪಶುವೈದ್ಯರನ್ನು ಕೇಳಿ ಅಯೋಡಿನ್ ಇರುವ ಖನಿಜ ಮಿಶ್ರಣವನ್ನು ತಿಂಡಿಯಲ್ಲಿ ಬೆರೆಸಿ. ಕೋಸಿನ ಎಲೆ, ಸಾಸಿವೆ ಹಿಂಡಿಗಳನ್ನೇ ಹೊಟ್ಟೆತುಂಬ ಹಾಕಬೇಡಿ. ಗ್ರಂಥಿಗೆ ಅಯೋಡಿನ್ ಒದಗದಂತೆ ಅವು ಅಡ್ಡಿಮಾಡುತ್ತವೆ. ಕರು ಹುಟ್ಟಿದೊಡನೆ ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿದರೆ ನಂಜು ಏರದು.

ಟಿಂಚರ್‌ನಿಂದ ಇನ್ನೊಂದು ಉಪಕಾರವೂ ಇದೆ. ಸ್ವಲ್ಪ ಹಾಲು ಕಾಯಿಸಿ, ಪೂರ್ತಿ ಆರಿಸಿ, ಎರಡು ತೊಟ್ಟು ಬಿಡಿ. ನೀಲಿಯಾದರೆ ಹಿಟ್ಟು ಬೆರೆತಿದೆ ಅಂತ ತಿಳಿಯಿರಿ. ಬಿಸಿಯಿರುವಾಗ ಬಣ್ಣ ಕಾಣದು. ನೋಡಿದ ಹಾಲನ್ನು ಚೆಲ್ಲಿಬಿಡಿ. ಟಿಂಚರ್ ಹೊಟ್ಟೆಗೆ ಹೋದರೆ ವಿಷ. ಸೀಸೆ ಮಕ್ಕಳ ಕೈಗೆ ಸಿಗದಿರಲಿ.

ನಾಳೆ ಅಂಗಡಿಗೆ ಹೋದಾಗ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್‌ಯುಕ್ತ ಎಂಬ ಮಾತಿದೆಯೇ ಅಂತ ಓದಿ ಕೊಳ್ಳಿ. ಓದು ಬಾರದವರು ಶಾಲೆಗೆ ಹೋಗುವ ಮಗುವಿನ ಕೈಲಿ ಓದಿಸಿ.