ಸುತ್ತಿಗೆ ಎತ್ತುವ ಮೊದಲು

ಖನಿಜ ಕೂಡಿಡುವ ಗೆಳೆಯರ ಗುಂಪಿನ ಜೊತೆ ಹೆಬ್ಬಾಳಕ್ಕೆ ಹೋಗಿದ್ದೆ. ಅವರ ಕಣ್ಣು ಬೆಣಚು, ಕಾಗೆಬಂಗಾರದ ಮೇಲೆ. ನಾನು ಎಳೆದುಕೊಂಡು ಹೋಗಿದ್ದು ಕಿತ್ತಯ್ಯನ ವೀರಗಲ್ಲಿಗೆ.

2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಈ ಕಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ರಟ್ಟವಾಡಿ, ಅಂದರೆ ರಾಷ್ಟ್ರಕೂಟರ ದಾಳಿಯಲ್ಲಿ ಕಾದಿ ಮಡಿದವನು ಕಿತ್ತಯ್ಯ. ಶಾಸನದ ‘ಪೆರ್ಬೊೞಲ್ನಾಡು’ ಅನ್ನೋದೇ ಸವೆದು ಹೆಬ್ಬಾಳ ಆಗಿದೆ: ಪಕಾರ ಹಕಾರವಾಯ್ತು, ರ್ಬ ಬ್ಬ ಆಯ್ತು.

‘ಬರೀ ಕಲ್ಲೋ, ಶಾಸನವೋ ಗೊತ್ತಾಗೋದು ಹೇಗೆ ಸಾರ್?’ ಅಂದ ಸುತ್ತಿಗೆ ಹಿಡಿದ ಹುಡುಗ. ಒಳ್ಳೆ ಪ್ರಶ್ನೆ. ಮಣ್ಣು ಮೆಲ್ಲಗೆ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಪ್ಪ. ಗೀಚಿದ ಗೆರೆಗಳಲ್ಲಿ ನೆರಳು ನಿಲ್ಲುತ್ತೆ. ಕಂಡರೆ ಫೋಟೋ ತೆಗಿ, ಕಲ್ಲು ಅಲ್ಲೇ ಇರಲಿ. ಒಂದು ಚಕ್ಕೆ ಎದ್ದರೆ ಒಂದು ಅಕ್ಷರ ಹೋಯ್ತು, ಕೆಲವೊಮ್ಮೆ ಊರಿನ ಹೆಸರೇ.