ಹೆಬ್ಬಾಳದ ಮದುವೆ ಊಟ, ನಮ್ಮನೆ ಹಸು

ನಮ್ಮದು ದೊಡ್ಡಬಳ್ಳಾಪುರದ ಕಡೆ ಎರಡೂವರೆ ಎಕರೆ. ರಾಗಿ, ಅವರೆ, ನಾಲ್ಕು ಹಸು. 2020ರ ಜೂನ್‌ನಲ್ಲಿ ಮಗಳ ಮದುವೆ ಮಾಡಿದೆವು. ಆಗ ಸರಕಾರದ ಮಿತಿ 50 ಜನ. ಮನೆ ಮುಂದೆ ಚಪ್ಪರ, 8 ಕಿಲೊ ಅಕ್ಕಿ, ಒಂದು ಪಾಯಸ. ಸಂಜೆಗೆ ಪಾತ್ರೆ ಖಾಲಿ. 'ಕೊರೊನಾ ಒಂದು ಪಾಠ ಕಲಿಸಿತು' ಎಂದು ಬಂದವರೆಲ್ಲ ಹೇಳಿದರು.

ಪಾಠ ಎಷ್ಟು ದಿನ ನೆನಪಿತ್ತು? 2023ರಲ್ಲಿ ಹೆಬ್ಬಾಳದ ಒಂದು ಮಂಟಪದಲ್ಲಿ ನೆಂಟರ ಮದುವೆ. ಸಾವಿರಕ್ಕೂ ಮೀರಿ ಎಲೆ, ಇಪ್ಪತ್ತಕ್ಕೂ ಹೆಚ್ಚು ಬಗೆ. ಅರ್ಧ ಕುಡಿದ ನೀರಿನ ಬಾಟಲಿಗಳು ರಾಶಿ. ಮುಟ್ಟದ ಹೋಳಿಗೆಯ ಜತೆಗೇ ಎಲೆ ಮಡಚಿ ಏಳುತ್ತಿದ್ದರು. ಹೊಟ್ಟೆ ಉರಿಯಿತು. ಉಳಿದ ಅನ್ನ, ಪಲಾವನ್ನು ಎರಡು ಡ್ರಮ್ಮಿಗೆ ತುಂಬಿಸಿ ಗೂಡ್ಸ್ ಆಟೋದಲ್ಲಿ ಊರಿಗೆ ತಂದೆ. ಹಸುಗಳಾದರೂ ತಿನ್ನಲಿ ಅಂತ.

ಅದೇ ತಪ್ಪಾಯಿತು. ಮಾರನೇ ದಿನ ದೊಡ್ಡ ಹಸು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು, ಮಲಗಿದ್ದು ಏಳಲಿಲ್ಲ. ಪಶುವೈದ್ಯರು ಬಂದು ನೋಡಿ ಬೈದರು: "ಏನ್ರೀ, ಅಷ್ಟೊಂದು ಅನ್ನ ಹಾಕ್ತಾರಾ?" ಬೇಯಿಸಿದ ಅನ್ನ ಒಮ್ಮೆಲೇ ಹೆಚ್ಚು ಬಿದ್ದರೆ ಹಸುವಿನ ಮೊದಲ ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ. ಆಮ್ಲ ಏರಿ ಮೆಲುಕು ನಿಲ್ಲುತ್ತದೆ, ಸಾಯುವುದೂ ಉಂಟು. ಸೋಡಾ ಕುಡಿಸಿ, ಡ್ರಿಪ್ ಹಾಕಿ ಉಳಿಸಿಕೊಟ್ಟರು. ಆದರೆ 9 ಲೀಟರ್ ಹಾಲು 3ಕ್ಕೆ ಇಳಿಯಿತು. ಪುಣ್ಯಕ್ಕೆ ಇನ್ನೊಂದು ಡ್ರಮ್ ಮುಟ್ಟಿರಲಿಲ್ಲ. ಅದನ್ನು ಗುಂಡಿಗೆ ತೆಳ್ಳಗೆ ಹರಡಿ, ತರಗೆಲೆ, ಸೆಗಣಿ ಬಗ್ಗಡ, ಮೇಲೆ ಮಣ್ಣು ಕೊಟ್ಟೆ. ದಪ್ಪಗೆ ಹಾಕಿದರೆ ನಾರುತ್ತದೆ. ಪ್ಲಾಸ್ಟಿಕ್ ಹೆಕ್ಕುವುದೇ ಅರ್ಧ ದಿನದ ಕೆಲಸ.

ಹೆಬ್ಬಾಳ ಎಂದರೆ ರೈತರಿಗೆ ಹಳೆಯ ನೆಂಟು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಕೊಟ್ಟು ಇಲ್ಲೇ ಪ್ರಯೋಗದ ತೋಟ ಶುರುವಾದದ್ದು. ಅದರಿಂದ ಬೆಳೆದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೇ 2012ರ ಸುಮಾರಿಗೆ ನಗರದ 75 ಕಲ್ಯಾಣ ಮಂಟಪ ಸುತ್ತಿ ಲೆಕ್ಕ ಹಾಕಿದ್ದರು: ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳು! ಮದುವೆ ಮಾತ್ರವಲ್ಲ. ವಿಶ್ವಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಅಂದರೆ ಬೈಯುವುದಿದ್ದರೆ ನಮ್ಮ ಅಡಿಗೆಮನೆಯಿಂದಲೇ ಆರಂಭಿಸಬೇಕು.

ಕಳೆದ ವರ್ಷ ಮಗನ ಮದುವೆ. ಊರಲ್ಲೇ ಮಾಡಿದೆವು. 300 ಜನ, ಎಂಟು ಬಗೆ. ಬಡಿಸುವವರಿಗೆ ಹೇಳಿದ್ದು ಇಷ್ಟೆ: ಸ್ವಲ್ಪ ಬಡಿಸಿ, ಕೇಳಿ ಮತ್ತೆ ಬಡಿಸಿ. ಬಾಟಲಿ ಬೇಡ, ಚೆಂಬು-ಲೋಟ ಇಡಿ. ಕೊನೆಗೆ ಉಳಿದದ್ದು ಎರಡು ಮಂಕರಿ ಎಂಜಲು. ಅದೂ ಗುಂಡಿಗೆ. ಅಕ್ಕ ಮಾತ್ರ ಮುಖ ಊದಿಸಿಕೊಂಡಳು: "ಏನೋ ತಮ್ಮಾ, ಒಬ್ಬ ಮಗನ ಮದುವೇಲೂ ಕೈ ಬಿಗಿ ಮಾಡಿದ್ಯಲ್ಲೋ?"

ಉತ್ತರ ಕೊಡಲಿಲ್ಲ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ದೊಡ್ಡ ಹಸುವನ್ನು ತೋರಿಸಿದೆ. ಒಂದು ಸೇರು ರಾಗಿಗೆ ಎಷ್ಟು ಬೆವರು ಎಂದು ಬಲ್ಲ ನಾವೇ ಎಲೆ ಮಡಚಿ ಎದ್ದರೆ, ಪೇಟೆಯವರಿಗೆ ಹೇಳಲು ನಮಗೆ ಬಾಯಿ ಎಲ್ಲಿದೆ?