ಹೊಂಡದ ನೀರು, ಬಾವಿಯ ನೀರು

ಕಾಫಿ ಹಣ್ಣನ್ನು ಪಲ್ಪರ್‌ಗೆ ಕೊಟ್ಟು ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆಯನ್ನು ಹುಳಿಯಲು ಬಿಟ್ಟು ತೊಳೆದಾಗ ಉಳಿಯುವ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತದೆ. ಒಂದೆರಡು ದಿನಕ್ಕೆ ಅದು ಕಪ್ಪಾಗಿ ನಾರುತ್ತದೆ. ಬೈಲಕುಪ್ಪೆಯಿಂದ ಕಾವೇರಿ ದಾಟಿದರೆ ಸಿಗುವ ಕೊಡಗು ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಇಂಥ ನೀರು ಹಲವು ತೋಟಗಳಲ್ಲಿ ಹುಟ್ಟುತ್ತದೆ. ಹಿಂದೆ ಇದು ನೇರ ಹಳ್ಳ ಸೇರಿ ಹೊಳೆಗೆ ಹೋಗುತ್ತಿತ್ತು. ಈಗ ಹೊಂಡ ತೋಡಿ, ನೀರು ಇಂಗದಂತೆ ಹಾಳೆ ಹಾಸಿ, ಸುಣ್ಣ ಬೆರೆಸಿ ನಿಲ್ಲಿಸಬೇಕು. ಹೊಳೆಗೆ ಅಷ್ಟರ ಮಟ್ಟಿಗೆ ನೆಮ್ಮದಿ. ಆದರೆ ಹಾಳೆ ಹರಿದರೆ, ಅಥವಾ ಹಾಳೆಯನ್ನೇ ಹಾಸದಿದ್ದರೆ, ನೀರು ಕೆಳಗಿಳಿಯುತ್ತದೆ. ಹೊಳೆ ಕೆಟ್ಟರೆ ಊರೆಲ್ಲ ನೋಡುತ್ತದೆ, ನೆಲದೊಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ.

ತ್ಯಾಜ್ಯನೀರಿನ ಕೊಳೆಯನ್ನು ಅಳೆಯುವ ಸಾಮಾನ್ಯ ಮಾಪಕ ಬಿಒಡಿ. ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. 27 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿಯಂತೆ ನದಿಗೆ ಬಿಡುವ ನೀರಿನಲ್ಲಿ ಇದು ಲೀಟರಿಗೆ 30 ಮಿಲಿಗ್ರಾಂ, ನೀರಾವರಿಗೆಂದು ನೆಲಕ್ಕೆ ಬಿಡುವ ನೀರಿನಲ್ಲಿ 100 ಮಿಲಿಗ್ರಾಂ ದಾಟಬಾರದು. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ.

ಹೊಂಡದ ಪಕ್ಕದ ಬಾವಿಯಲ್ಲಿ ಬಿಒಡಿ ಕಾಣಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಇಳಿಯುವ ದಾರಿಯಲ್ಲೇ ಮಣ್ಣಿನ ಜೀವಿಗಳು ಸಕ್ಕರೆಯನ್ನು ತಿಂದು ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಅದು ಮುಗಿದ ಮೇಲೆ ನೈಟ್ರೇಟ್ ಬಳಸುತ್ತವೆ, ಆಮೇಲೆ ಮಣ್ಣಿನ ಕಣಗಳಿಗೆ ಅಂಟಿದ ಮ್ಯಾಂಗನೀಸ್, ಕಬ್ಬಿಣಕ್ಕೆ ಕೈಹಾಕುತ್ತವೆ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣ. ಗಾಳಿಯಿಲ್ಲದ ಜಾಗದಲ್ಲಿ ಅದು ಕರಗಿ ನೀರಿನ ಜೊತೆ ಹೊರಡುತ್ತದೆ. ಇಂಥ ಬಾವಿಯಿಂದ ಸೇದಿದ ನೀರು ಕೊಡದಲ್ಲಿ ಮೊದಲು ತಿಳಿಯಾಗಿಯೇ ಇರುತ್ತದೆ. ಅರ್ಧ ದಿನ ಬಿಟ್ಟರೆ ಮೇಲೆ ತೆಳ್ಳನೆ ಪೊರೆ, ತಳದಲ್ಲಿ ತುಕ್ಕಿನ ಬಣ್ಣದ ಗಸಿ. ಅನ್ನ ಹಳದಿಯಾಗುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಬಾವಿಗೆ ತಲುಪಿದ್ದು ಹೊಂಡದ ಕೊಳೆಯಲ್ಲ, ಆ ಕೊಳೆ ಎಬ್ಬಿಸಿದ ನೆಲದ ಕಬ್ಬಿಣ. ಆದ್ದರಿಂದ ನಿಗಾ ಇಡುವವರು ಇಲ್ಲಿ ಹುಡುಕಬೇಕಾದದ್ದು ಕಬ್ಬಿಣ, ಮ್ಯಾಂಗನೀಸ್, ಗಡಸುತನ, ವಿದ್ಯುದ್ವಾಹಕತೆ ಮತ್ತು ಕರಗಿದ ಆಮ್ಲಜನಕ.

ಎಲ್ಲಿ ಹುಡುಕಬೇಕೆಂಬುದು ಇನ್ನೂ ಕಷ್ಟದ ಮಾತು. ಕೊಡಗಿನ ಮಗ್ಗುಲಿನ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ.ಕೋಟೆ ಕಡೆ ನೆಲದಡಿ ಇರುವುದು ಬಹುತೇಕ ಗಟ್ಟಿ ನೈಸ್ ಶಿಲೆ. ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಬಂಡೆ. ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಬೋರ್ ಕೊರೆಯುವವರು ಅದನ್ನು ‘ಗ್ಯಾಪ್’ ಎನ್ನುತ್ತಾರೆ. ಹೊಂಡದಿಂದ ಐವತ್ತು ಅಡಿ ದೂರದ ಬೋರ್‌ಗೆ ಏನೂ ಆಗದೆ, ಅದೇ ಬಿರುಕು ಹಾಯ್ದ ದೂರದ ಬೋರ್ ಕೆಟ್ಟಿರಬಹುದು. ಹೊಂಡಕ್ಕೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಬಾವಿ ಆರಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಲು ಒಂದೇ ಸಾಲಿನಲ್ಲಿರದ ಮೂರು ಬಾವಿಗಳಾದರೂ ಬೇಕು. ಪ್ರತಿ ಬಾವಿಯ ನೀರಿನ ಮಟ್ಟವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತಂದು ಹೋಲಿಸಿದರೆ ಇಳಿಜಾರು ತಿಳಿಯುತ್ತದೆ. ಹರಿವಿನ ಮೇಲುಗಡೆ ಒಂದು ಬಾವಿ, ಕೆಳಗಡೆ ಎರಡು ಮೂರು ಬಾವಿ ಇರಬೇಕು. ಮೇಲಿನ ಬಾವಿಯಿಲ್ಲದ ವರದಿಗೆ ಅರ್ಧ ಬೆಲೆಯೂ ಇಲ್ಲ. ಈ ಸೀಮೆಯಲ್ಲಿ ಶುಂಠಿಗೂ ಹೊಗೆಸೊಪ್ಪಿಗೂ ಗೊಬ್ಬರ ಸುರಿಯುತ್ತಾರೆ. ತಿಪ್ಪೆಗುಂಡಿ, ಶೌಚಗುಂಡಿ ಊರೂರಲ್ಲಿವೆ. ಬಾವಿಯಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ದಾಟಿದರೆ ಅದು ಗೊಬ್ಬರದ್ದೋ, ಗುಂಡಿಯದೋ, ಹೊಂಡದ್ದೋ ಎಂದು ಹೇಳಲು ಹೋಲಿಕೆ ಬೇಕು. ಜೊತೆಗೆ ಪಕ್ಕದ ಶುಂಠಿ ಹೊಲದ ಪಂಪು ಹಗಲಿರುಳು ಓಡಿದರೆ ಹರಿವಿನ ದಿಕ್ಕೇ ಅದರತ್ತ ತಿರುಗುತ್ತದೆ.

ನೀರು ತೆಗೆಯುವ ಕ್ರಮದಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಬೋರ್‌ನಲ್ಲಿ ನಿಂತ ನೀರು ಬಂಡೆಯ ನೀರಲ್ಲ, ಕೊಳವೆಯಲ್ಲಿ ಹಳಸಿದ ನೀರು. ಆರೂವರೆ ಇಂಚಿನ ಬೋರ್‌ನಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. 40 ಮೀಟರ್ ನೀರು ನಿಂತಿದ್ದರೆ 850 ಲೀಟರ್. ರೂಢಿಯಂತೆ ಅದರ ಮೂರು ಪಟ್ಟು, ಎಂದರೆ ಎರಡೂವರೆ ಸಾವಿರ ಲೀಟರ್ ಹೊರಹಾಕಿ, ಪಿಎಚ್, ಶಾಖ, ವಿದ್ಯುದ್ವಾಹಕತೆ ಏರಿಳಿತವಿಲ್ಲದೆ ನಿಂತ ಮೇಲೆ ಬಾಟಲಿ ತುಂಬಬೇಕು. ನಿಗಾಕ್ಕೆಂದೇ ಕಿರಿದಾದ ಬಾವಿ ಕೊರೆಯುವುದಕ್ಕೆ ಇದೂ ಒಂದು ಕಾರಣ. ಲೋಹ ಪರೀಕ್ಷೆಯ ಬಾಟಲಿಯ ನೀರನ್ನು ಅಲ್ಲೇ ಸೋಸಿ ನೈಟ್ರಿಕ್ ಆಮ್ಲ ಹಾಕಬೇಕು, ಇಲ್ಲದಿದ್ದರೆ ಕಬ್ಬಿಣ ದಾರಿಯಲ್ಲೇ ಗಸಿಯಾಗಿ, ಪ್ರಯೋಗಾಲಯ ‘ಇಲ್ಲ’ ಎಂದು ಬರೆದು ಕೊಡುತ್ತದೆ. ಉಳಿದವು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಗಬೇಕು.

ಕಾಲವೂ ಮುಖ್ಯ. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಕಾಫಿ ಹೊಂಡಕ್ಕೆ ಪಲ್ಪಿಂಗ್ ಶುರುವಾಗುವ ಮುನ್ನ ಒಂದು ಪರೀಕ್ಷೆ ಕಡ್ಡಾಯ, ಅದೇ ಮುಂದಿನದಕ್ಕೆಲ್ಲ ಅಳತೆಗೋಲು. ಬೇಸಿಗೆಯಲ್ಲಿ ಮಣ್ಣಿನಲ್ಲಿ ತಡೆದು ನಿಂತದ್ದನ್ನು ಜೂನಿನ ಮಳೆ ಕೆಳಗೆ ತಳ್ಳುವುದರಿಂದ ಮಳೆಗಾಲದ ನಂತರ ಇನ್ನೊಂದು ಬೇಕು. ಹೊಂಡ ತುಂಬಿದಾಗ ಮಾತ್ರ ನೋಡಿ ಹೋದವರಿಗೆ ಏನೂ ಸಿಗದಿದ್ದರೆ ಆಶ್ಚರ್ಯವಿಲ್ಲ.

ಕಾರ್ಖಾನೆ ಬದಲಾದರೆ ಹುಡುಕುವ ಪದಾರ್ಥವೂ ಬದಲಾಗುತ್ತದೆ. ಬೆಂಗಳೂರಿನ ಪೀಣ್ಯ 1970ರ ದಶಕದಲ್ಲಿ ರೂಪುಗೊಂಡ ಕೈಗಾರಿಕಾ ಪ್ರದೇಶ. ಅಲ್ಲಿನ ಅಂತರ್ಜಲದಲ್ಲಿ ಸಿಕ್ಕಿದ್ದು ಲೋಹಕ್ಕೆ ಮೆರುಗು ಲೇಪಿಸುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಹೆಚ್ಚಾದರೆ ನೀರು ಹಳದಿಯಾಗುತ್ತದೆ, ಆದರೆ ಮಿತಿಯ ಹಲವು ಪಟ್ಟು ಇದ್ದರೂ ಕಣ್ಣಿಗೆ ಕಾಣದಿರಬಹುದು. ವಿಚಿತ್ರವೆಂದರೆ, ಕಬ್ಬಿಣವನ್ನು ಕರಗಿಸುವ ಗಾಳಿಯಿಲ್ಲದ ಸ್ಥಿತಿಯೇ ಈ ಕ್ರೋಮಿಯಂ ಅನ್ನು ಕರಗದ ರೂಪಕ್ಕೆ ತಿರುಗಿಸಿ ಮಣ್ಣಿನಲ್ಲಿ ಕೂರಿಸುತ್ತದೆ. ಗಾಳಿಯಾಡುವ ನೀರಿನಲ್ಲಿ ಅದು ಸಲೀಸಾಗಿ ಸಾಗುತ್ತದೆ.

ಹೊಂಡ ಮುಚ್ಚಿದ ಮೇಲೂ ಪರೀಕ್ಷೆ ಮುಂದುವರಿಯಬೇಕು. ಸಕ್ಕರೆಯ ಕೊಳೆ ನಿಂತರೆ ಆಮ್ಲಜನಕ ಮರಳಿ ಬಂದು ಕಬ್ಬಿಣ ನಿಧಾನಕ್ಕೆ ಇಳಿಯುತ್ತದೆ. ಲೋಹಗಳ ಉಪ್ಪು ಹಾಗಲ್ಲ. ಬಂಡೆಯ ಸಣ್ಣ ಬಿರುಕುಗಳಲ್ಲಿ ಕೂತದ್ದು ಮಳೆ ಬಂದಾಗೆಲ್ಲ ಅಷ್ಟಷ್ಟೇ ಹೊರಬೀಳುತ್ತ, ಕಾರ್ಖಾನೆ ಬೀಗ ಹಾಕಿ ವರ್ಷಗಳಾದರೂ ಕೆಳಗಿನ ಬಾವಿಯ ವರದಿಯಲ್ಲಿ ಕಾಣಿಸಿಕೊಳ್ಳುತ್ತಿರುತ್ತದೆ.